ಸೋಮಲಿಂಗಯ್ಯನ ಫಿಯೆಟ್ಟಿಗೆ ಟರ್ಬೋ

ಸೋಮಲಿಂಗಯ್ಯನ ವಿಷಯ ಬರೆಯಲು ಕೂತರೆ ಮೊದಲು ನನಗೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟು ಬಿಟ್ಟು ಬರೆದರೆ ಅದು ಬೇರೆ ಯಾರದೋ ಕಥೆಯಾದೀತು, ಅವನದಲ್ಲ.

ಕಾಶಿಯಲ್ಲಿ ಜಂಗಮವಾಡಿ ಮಠದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಅವನದು. ಹುಟ್ಟಿದ್ದು ಗದಗಿನ ಕಡೆಯ ಹಳ್ಳಿಯಲ್ಲಿ. ಇಪ್ಪತ್ತು ದಾಟುವ ಮೊದಲೇ ಮಠಕ್ಕೆ ಬಂದ. ನಮ್ಮ ಕಡೆಯಿಂದ ಬರುವ ಯಾತ್ರಿಕರನ್ನು ಸ್ಟೇಷನ್ನಿನಿಂದ ಕರೆತರುವುದು, ದಾರಿಯಲ್ಲಿ ಬೇರೆ ಯಾರೂ ಅವರನ್ನು ಎಳೆದುಕೊಂಡು ಹೋಗದಂತೆ ಕಾಯುವುದು, ಇದೇ ಕೆಲಸ. ರಿಕ್ಷಾದವರ ಜೊತೆ ಜಗಳವಾಡಿ ಆಡಿಯೇ ಹಿಂದಿ ಕಲಿತ. ಆಮೇಲೆ ಮೋಟಾರು ಓಡಿಸುವುದನ್ನೂ ಕಲಿತ. ಅರವತ್ತೊಂಬತ್ತರಲ್ಲಿ ಸೊಲ್ಲಾಪುರದ ವ್ಯಾಪಾರಿಯೊಬ್ಬರು, ಮಠದ ಭಕ್ತರು, ತಮ್ಮ ಹಳೆಯ ಫಿಯೆಟ್ಟನ್ನು ಅವನಿಗೆ ಕೊಟ್ಟು ಹೋದರು. ಅಂದಿನಿಂದ ಯಾತ್ರಿಕರನ್ನು ಕೂರಿಸಿಕೊಂಡು ಸಂಗಮ, ವಿಂಧ್ಯಾಚಲ, ಗಯೆ ಎಂದು ಓಡಾಡಿಯೇ ಹೊಟ್ಟೆ ಹೊರೆದ. ಮದುವೆ ಮಾಡಿಕೊಳ್ಳಲಿಲ್ಲ. ಆ ಕಾರನ್ನು ನೋಡಿಕೊಂಡ ಹಾಗೆ ಹೆಂಡತಿಯನ್ನು ನೋಡಿಕೊಂಡಿದ್ದರೆ ಆ ಹೆಣ್ಣುಮಗಳು ರಾಣಿಯಾಗಿರುತ್ತಿದ್ದಳು.

ಮನೆಯಲ್ಲಿ ಅವನ ಅಕ್ಕ ಬಸವಣ್ಣೆಮ್ಮ. ಇವನಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ತಾಯಿ ಸತ್ತಾಗ ಸೋಮಲಿಂಗಯ್ಯ ಮೂರು ವರ್ಷದ ಕೂಸು. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು ಈ ಅಕ್ಕನೇ. ಗಂಡ ತೀರಿಕೊಂಡ ಮೇಲೆ ತಮ್ಮನ ಬಳಿ ಕಾಶಿಗೆ ಬಂದರು. ಬೆಳಗ್ಗೆ ಗಂಗೆಯಲ್ಲಿ ಮುಳುಗು ಹಾಕಿ, ಇಷ್ಟಲಿಂಗ ಪೂಜೆ ಮುಗಿಸುವವರೆಗೆ ಒಂದು ಗುಟುಕು ನೀರೂ ಕುಡಿಯುವವರಲ್ಲ. ಪೂಜೆಗೆ ಒಂದು ತಾಸು ಬೇಕೇ ಬೇಕು. ರೈಲಿರಲಿ, ಬಸ್ಸಿರಲಿ, ಮೈಯಲ್ಲಿ ಜ್ವರವಿರಲಿ, ಆ ತಾಸಿನಲ್ಲಿ ಒಂದು ನಿಮಿಷ ಕಡಿಮೆಯಾಗುವುದಿಲ್ಲ.

ನಾನು ಕುಮಾರಯ್ಯ, ಸೋನಾರ್‌ಪುರದ ರಸ್ತೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು. ಮಿಲಿಟರಿ ಲಾರಿಗಳ ಕೆಳಗೆ ಮಲಗಿ ಕಲಿತ ವಿದ್ಯೆ. ಆ ಫಿಯೆಟ್ಟಿನ ಪ್ರತಿ ಬೋಲ್ಟೂ ನನ್ನ ಕೈಯಲ್ಲಿ ತಿರುಗಿದ್ದು.

ಬಸವಣ್ಣೆಮ್ಮಕ್ಕನಿಗೆ ಒಂದು ಆಸೆ ಇತ್ತು. ಶಿವರಾತ್ರಿಯ ದಿನ ನೇಪಾಳದಲ್ಲಿ ಪಶುಪತಿನಾಥನನ್ನು ಕಾಣಬೇಕು. ಅರವತ್ತೇಳು ವರ್ಷ, ಮೊಣಕಾಲು ನೋವು, ಇನ್ನೆಷ್ಟು ಶಿವರಾತ್ರಿ ಇವೆಯೋ ಎಂಬ ಲೆಕ್ಕ ಅವರದು. ಬಸ್ಸಿನಲ್ಲಿ ಹೋಗಲಾರರು. ಪೂಜೆಗೆಂದು ಯಾವ ಬಸ್ಸಿನವನು ಒಂದು ತಾಸು ನಿಲ್ಲಿಸುತ್ತಾನೆ? ಹೀಗಾಗಿ ಹೋಗುವುದಾದರೆ ತಮ್ಮನ ಕಾರಿನಲ್ಲೇ ಹೋಗಬೇಕು. ಎಪ್ಪತ್ತೈದರ ಶಿವರಾತ್ರಿಗೆ ಹೊರಟರು. ರಕ್ಸೌಲಿನಲ್ಲಿ ಗಡಿ ದಾಟಿದ್ದಾಯಿತು, ಹೆಟೌಡಾ ಆಯಿತು, ಘಟ್ಟ ಶುರುವಾಯಿತು. ಎಂಟು ಮೈಲಿ ಹತ್ತುವಷ್ಟರಲ್ಲಿ ಕಾರು ಕುದಿಯತೊಡಗಿತು. ಬಾನೆಟ್ಟಿನಿಂದ ಹಬೆ. ನಿಲ್ಲಿಸಿ, ಆರಿಸಿ, ನೀರು ಹಾಕಿ, ಮತ್ತೆ ಹತ್ತಿಸಿ, ಮತ್ತೆ ನಿಂತು, ಹೀಗೆ ಎರಡು ದಿನ. ಶಿವರಾತ್ರಿ ರಸ್ತೆಯ ಪಕ್ಕದ ಬಂಡೆಯ ಮೇಲೆ ಕಳೆಯಿತು. ಅಕ್ಕ ಅಲ್ಲೇ ಪೂಜೆ ಮಾಡಿದರಂತೆ. ತಮ್ಮನನ್ನು ಬೈಯಲಿಲ್ಲ. "ಬಿಡೋ ಸೋಮ್ಯಾ, ನಿನ್ನ ಗಾಡಿಗೂ ನನ್ನಂಗ ದಮ್ಮು ಹತ್ತೈತಿ. ಬರೂ ವರ್ಷ ನೋಡೂಣು" ಅಂದರಂತೆ. ಬೈದಿದ್ದರೆ ಒಳ್ಳೆಯದಿತ್ತು. ಬೈಯದೆ ಇದ್ದದ್ದಕ್ಕೆ ಇವನು ವರ್ಷವಿಡೀ ಒದ್ದಾಡಿದ.

ಬಂದವನೇ ಕಾರನ್ನು ನನ್ನ ಅಂಗಡಿಗೆ ತಂದ. ವಾಲ್ವ್ ಬಿಚ್ಚಿ ತಿಕ್ಕಿದೆ. ಪ್ಲಗ್ ಬದಲಿಸಿದೆ. ಕಾರ್ಬುರೇಟರ್ ತೊಳೆದೆ. ವಾಟರ್ ಪಂಪನ್ನೂ ನೋಡಿದೆ. ಕಾಶಿಯ ಸಪಾಟು ರಸ್ತೆಯಲ್ಲಿ ಅದು ಕುದುರೆಯ ಹಾಗೆ ಓಡಿತು. ಆದರೆ ಚುನಾರದ ದಿನ್ನೆ ಹತ್ತಿಸಿದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ನನಗೂ ತಲೆ ಕೆಟ್ಟಿತು.

ಆಗ ಬಂದವನೇ ಗುರುಸಿದ್ದಪ್ಪ. ಹುಬ್ಬಳ್ಳಿಯ ಕಡೆಯವನು, ಇಲ್ಲಿಯ ರೈಲು ಡೀಸೆಲ್ ಇಂಜಿನ್ ಕಾರ್ಖಾನೆಗೆ ವರ್ಗವಾಗಿ ಬಂದ ಫಿಟ್ಟರ್. ಭಾನುವಾರ ಮಠಕ್ಕೆ ಬರುತ್ತಿದ್ದ. ದೊಡ್ಡ ಇಂಜಿನ್ನುಗಳಿಗೆ ಟರ್ಬೋ ಕೂರಿಸುವ ವಿಭಾಗದಲ್ಲಿ ಅವನ ಕೆಲಸ. ಹಾಗೆಂದು ಅವನು ಹೇಳದ ದಿನವಿಲ್ಲ.

"ಅಯ್ನೋರ, ಬೆಟ್ಟದ ಮ್ಯಾಲ ಗಾಳಿ ತೆಳ್ಳಗ ಇರ್ತೈತ್ರಿ" ಎಂದ ಸೋಮಲಿಂಗಯ್ಯನಿಗೆ. "ಮನಷ್ಯಾಗ ಹೆಂಗ ದಮ್ಮು ಹತ್ತತೈತೋ ಇಂಜಿನ್ನಿಗೂ ಹಂಗ. ಸೈಲೆನ್ಸರಿಗೆ ಹೋಗೂ ಬಿಸಿ ಹೊಗಿ ಒಂದು ಚಕ್ರ ತಿರಗಸ್ತೈತಿ, ಆ ಚಕ್ರ ಇನ್ನೊಂದು ಚಕ್ರ ತಿರಗಸ್ತೈತಿ, ಅದು ಗಾಳಿ ಹಿಡದು ಇಂಜಿನ್ನಿಗೆ ದಬ್ಬತೈತಿ. ಅದಕ್ಕ ಟರ್ಬೋ ಅಂತಾರ. ನಿಮ್ಮ ಫಿಯೆಟ್ಟಿಗೆ ಒಂದು ಸಣ್ಣದು ಸಿಕ್ಕರ ಪಶುಪತಿ ಏನ್ರಿ, ಕೈಲಾಸಕ್ಕೂ ಹೋಗಬಹುದು."

"ಕೈಲಾಸಕ್ಕ ಅದು ಬೇಗನ ಮುಟ್ಟಸ್ತೈತಿ" ಎಂದೆ ನಾನು. "ಗುರುಸಿದ್ದಪ್ಪನವರ, ನಿಮ್ಮದು ಡೀಸೆಲ್ಲು. ಇದು ಪೆಟ್ರೋಲು. ನಮ್ಮ ಪಂಪಿನ ಪೆಟ್ರೋಲಿಗೆ ಗಾಳಿ ದಬ್ಬಿದ್ರ ಪಿಸ್ಟನ್ ಒಡೀತೈತಿ."

"ನೀವು ಹಳೇ ಕಾಲದವ್ರು ಬಿಡ್ರಿ ಅಯ್ನೋರ" ಎಂದ ನನಗೆ.

ನನಗಿಂತ ಎರಡೇ ವರ್ಷ ಚಿಕ್ಕವನು! ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟೆ. ಹಿಡಿದುಕೊಂಡಿದ್ದರೆ ಏನಾಗುತ್ತಿತ್ತೋ.

ಅಲ್ಲಿಂದ ಸೋಮಲಿಂಗಯ್ಯನಿಗೆ ಟರ್ಬೋ ಹುಚ್ಚು ಹಿಡಿಯಿತು. ಬೆಳಗಾದರೆ ಟರ್ಬೋ, ಸಂಜೆಯಾದರೆ ಟರ್ಬೋ. ಯಾತ್ರಿಕರಿಗೆ ವಿಶ್ವನಾಥನ ಮಹಿಮೆ ಹೇಳುವುದನ್ನು ಬಿಟ್ಟು ಬಿಸಿ ಹೊಗೆಯ ಮಹಿಮೆ ಹೇಳತೊಡಗಿದ. ಎರಡು ತಿಂಗಳು ಹುಡುಕಿದ ಮೇಲೆ ಎರಡು ಕಡೆ ಸಿಕ್ಕಿತು. ಒಂದು ಕಲ್ಕತ್ತದಲ್ಲಿ. ಅಲ್ಲಿನ ಹಳೇ ಸಾಮಾನಿನ ದಲ್ಲಾಳಿ, ನೋಡಿ ಬೇಕಾದರೆ ಇಟ್ಟುಕೊಳ್ಳಿ ಎಂದು, ಒಂದು ಪೆಟ್ಟಿಗೆ ಕಳಿಸಿದ. ಅದು ನಿಜವಾದ ಟರ್ಬೋ ಅಲ್ಲ, ಬೆಲ್ಟಿನಿಂದ ತಿರುಗಿ ಗಾಳಿ ಊದುವ ಯಂತ್ರ. ಆದರೆ ಹೊಸದು, ಕೂರಿಸುವ ಕ್ಲಾಂಪು, ಪೈಪು ಎಲ್ಲ ಪೆಟ್ಟಿಗೆಯಲ್ಲೇ ಇದ್ದವು. ಇನ್ನೊಂದು ಇಲ್ಲೇ, ಲಹರತಾರಾದ ಗುಜರಿಯವನಲ್ಲಿ. ಕಠ್ಮಂಡುವಿನಿಂದ ಇಳಿದು ಬಂದ ಜಟೆ ಬಿಟ್ಟ ಜರ್ಮನ್ ಹುಡುಗರು ತಮ್ಮ ವ್ಯಾನನ್ನು ಅವನಿಗೆ ಮಾರಿ ರೈಲು ಹತ್ತಿದ್ದರು. ಆ ವ್ಯಾನಿಗೆ ಹೊರಗಿನಿಂದ ತಂದು ಕೂರಿಸಿದ್ದ ಟರ್ಬೋ ಕಿಟ್ಟನ್ನು ಅವನು ಬಿಚ್ಚಿಟ್ಟಿದ್ದ.

ಮೂವರೂ ನೋಡಲು ಹೋದೆವು. ಗುಜರಿಯವನು ಗೋಣಿಚೀಲ ಸರಿಸಿದ. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಎರಡು ಕಬ್ಬಿಣದ ಗುಂಡು, ನಡುವೆ ಕುತ್ತಿಗೆ. ಗುರುಸಿದ್ದಪ್ಪ ಬೆರಳು ಹಾಕಿ ಒಳಗಿನ ಚಕ್ರ ತಿರುಗಿಸಿದ. ಸುಯ್ಯೆಂದು ತಿರುಗಿ ಬಹಳ ಹೊತ್ತು ನಿಲ್ಲಲೇ ಇಲ್ಲ. ಅವನ ಮುಖ ನೋಡಬೇಕಿತ್ತು. ಮೊಮ್ಮಗನನ್ನು ಎತ್ತಿಕೊಂಡ ಹಾಗಿತ್ತು.

"ಅರೇ ಗುರು, ಜರ್ಮನ್ ಮಾಲ್ ಹೈ, ಜರ್ಮನ್!" ಎಂದ ಗುಜರಿಯವನು.

"ಸೋಮಲಿಂಗಯ್ಯಾ, ನನ್ನ ಮಾತು ಕೇಳು" ಎಂದೆ. "ಎರಡೂ ಬ್ಯಾಡ. ಬೇಕ ಬೇಕು ಅಂದ್ರ ಕಲ್ಕತ್ತಾದ್ದು ತಗೋ. ಅದಕ್ಕ ಬೆಂಕಿಯಂಥ ಹೊಗಿ ಬೇಕಿಲ್ಲ, ಇಂಜಿನ್ ಎಣ್ಣಿ ಬೇಕಿಲ್ಲ. ಇದಕ್ಕ ಹೊಗಿ ಪೈಪು ಹೊಸದಾಗಿ ಮಾಡಸಬೇಕು, ಎಣ್ಣಿ ಪೈಪು ಎಳೀಬೇಕು, ಇದು ಕುಂಡ್ರಾಕ ಜಾಗಾನ ಇಲ್ಲ. ಇದು ವ್ಯಾನಿನ ಸಾಮಾನೋ, ನಿನ್ನದು ಬೆಂಕಿಪೆಟಗಿ."

ಸೋಮಲಿಂಗಯ್ಯ ನನ್ನ ಕಡೆ ನೋಡಲೇ ಇಲ್ಲ. ಗುಜರಿಯವನನ್ನು ಹಿಂದಿಯಲ್ಲಿ ಕೇಳಿದ: "ಈ ಗಾಡಿ ಕಠ್ಮಂಡುವಿನಿಂದ ಬಂತೇನು? ಇದೇ ಯಂತ್ರ ಹಾಕಿಕೊಂಡು ಅಲ್ಲಿಯವರೆಗೆ ಹತ್ತಿತ್ತೇನು?" ಗುಜರಿಯವನು ಹೌದೆಂದ. ಅವನಿಗೇನು, ಚಂದ್ರಲೋಕದಿಂದ ಬಂತೇ ಎಂದಿದ್ದರೂ ಹೌದೆನ್ನುತ್ತಿದ್ದ.

"ಇದ ಆಗಲಿ" ಎಂದ ಸೋಮಲಿಂಗಯ್ಯ. "ಇದು ಪಶುಪತಿ ಹತ್ರ ಹೋಗಿ ಬಂದದ್ದು. ಇದಕ್ಕ ದಾರಿ ಗೊತ್ತೈತಿ."

ಕಬ್ಬಿಣಕ್ಕೆ ದಾರಿ ಗೊತ್ತಿದೆಯಂತೆ! ಯಂತ್ರ ಆರಿಸುವ ರೀತಿಯೇ ಇದು? ಅದರ ಅಳತೆ ಕೇಳಲಿಲ್ಲ, ಬೇರಿಂಗ್ ಎಷ್ಟು ಸವೆದಿದೆ ಕೇಳಲಿಲ್ಲ. ಯಾತ್ರೆ ಮಾಡಿದೆಯೋ ಇಲ್ಲವೋ ಎಂದಷ್ಟೇ ಕೇಳಿದ. ನಾನು ಅಲ್ಲಿಯೇ ಅವನನ್ನು, ಗುರುಸಿದ್ದಪ್ಪನನ್ನು, ಜರ್ಮನ್ ಹುಡುಗರನ್ನು ಸೇರಿಸಿ ಬೈದೆ. ಬೈದು, ಆ ಭಾರದ ಗುಂಡನ್ನು ರಿಕ್ಷಾಕ್ಕೆ ಹೊತ್ತು ಹಾಕಿದವನೂ ನಾನೇ.

ಮರುವರ್ಷದ ಶಿವರಾತ್ರಿಗೆ ಹನ್ನೊಂದು ದಿನ ಉಳಿದಿತ್ತು. ಗುರುಸಿದ್ದಪ್ಪ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದ. ಬೆಂಕಿ ಹಚ್ಚಿ ಊರು ಬಿಡುವುದು ಎಂದರೆ ಇದು. ಕೆಲಸ ನನ್ನ ತಲೆಗೆ ಬಂತು. ಟರ್ಬೋ ಎಲ್ಲಿ ಕೂತೀತು ಎಂದು ನೋಡಲು ಮುಂದೆ ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಬಿಚ್ಚಬೇಕಾಯಿತು. ಕೆಳಗಿನ ನಲ್ಲಿ ತಿರುಗಿಸಿ ನೀರು ಬಸಿದೆ. ಹೋಸು ಕಳಚಿದೆ. ಬೋಲ್ಟ್ ತೆಗೆದು ಎರಡೂ ಕೈಯಿಂದ ಎತ್ತಿದೆ.

ಎತ್ತಿದವನು ಹಾಗೇ ನಿಂತೆ. ಖಾಲಿ ರೇಡಿಯೇಟರ್ ಅಷ್ಟು ಭಾರ ಇರುವುದಿಲ್ಲ.

ನೆಲದ ಮೇಲೆ ಬೋರಲು ಹಾಕಿ ಮರದ ಸುತ್ತಿಗೆಯಿಂದ ತಟ್ಟಿದೆ. ಬಾಯಿಯಿಂದ ಬೂದು ಬಣ್ಣದ ಕೆಸರು ನುಣ್ಣಗೆ ಜಾರಿ ಬಂತು. ಮತ್ತೆ ತಟ್ಟಿದೆ, ಮತ್ತೆ ಬಂತು. ಒಳಗಿನ ಸಣ್ಣ ಕೊಳವೆಗಳಲ್ಲಿ ಮುಕ್ಕಾಲು ಪಾಲು ಕಟ್ಟಿಹೋಗಿದ್ದವು. ಇಂಜಿನ್ನಿನ ಪಕ್ಕದಲ್ಲಿ ನೀರಿನ ದಾರಿ ಮುಚ್ಚಿದ ಬಿಲ್ಲೆ ತೆಗೆದು ನೋಡಿದೆ. ಅಲ್ಲಿಯೂ ಅದೇ. ಇಂಥ ಮಣ್ಣು ಕಾಶಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಹಸುಗೂಸೂ ಹೇಳುತ್ತದೆ. ಮಳೆಗಾಲ ಮುಗಿದು ನದಿ ಇಳಿದಾಗ ಘಾಟಿನ ಮೆಟ್ಟಿಲ ಮೇಲೆ ಮೊಣಕಾಲುದ್ದ ಬಿದ್ದಿರುತ್ತದಲ್ಲ, ಅದೇ.

ಪ್ರತಿ ಸೋಮವಾರ ಆ ಕಾರಿಗೊಂದು ಮಜ್ಜನ ಇತ್ತು. ಸೋಮಲಿಂಗಯ್ಯ ರೇಡಿಯೇಟರಿನ ಹಳೇ ನೀರು ತೆಗೆಯುತ್ತಿದ್ದ. ಅಕ್ಕ ಮಿಂದು ಬರುವಾಗ ಅವನು ತುಂಬಿದ ಗಂಗೆಯ ಬಿಂದಿಗೆ ಹೊತ್ತು ತರುತ್ತಿದ್ದ. ಅಕ್ಕ ಚೊಂಬಿನಿಂದ ತಮ್ಮ ಕೈಯಾರೆ ರೇಡಿಯೇಟರಿಗೆ ತುಂಬುತ್ತಿದ್ದರು. ಆರು ವರ್ಷ, ಒಂದು ಸೋಮವಾರವೂ ತಪ್ಪಿಲ್ಲ. ಶ್ರಾವಣದಲ್ಲಿ ನೀರು ಕೆಂಪು ಗಂಜಿಯ ಹಾಗಿದ್ದಾಗಲೂ ತಪ್ಪಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ನನ್ನ ತಲೆ ಹೋಗಲಿಲ್ಲ. ವರ್ಷಗಟ್ಟಲೆ ಶೀಷೆಯಲ್ಲಿಟ್ಟರೂ ಹುಳ ಬೀಳದ ನೀರು, ರೇಡಿಯೇಟರಿಗೆ ಇದಕ್ಕಿಂತ ಒಳ್ಳೆಯದೇನಿದೆ ಎಂದು ನಾನೇ ಒಮ್ಮೆ ಹೇಳಿದ್ದೆ. ಊರಿನಲ್ಲಿದ್ದಿದ್ದರೆ ಕೆರೆಯ ನೀರು ಹಾಕಬೇಡ ಎಂದು ಕಪಾಳಕ್ಕೆ ಹೊಡೆಯುತ್ತಿದ್ದೆ. ಇಲ್ಲಿ ಗಂಗೆ ಎಂದ ಕೂಡಲೇ ಮೆಕ್ಯಾನಿಕ್ಕನ ಬುದ್ಧಿಯೂ ಕೈ ಮುಗಿದು ನಿಂತುಬಿಟ್ಟಿತು. ಅವನ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ ನನ್ನ ಮೇಲೆ ಬಂದದ್ದು ಮೂರು ಪಾಲು.

ಸೋಮಲಿಂಗಯ್ಯ ಬಂದ. ಕೆಸರು ತೋರಿಸಿದೆ.

"ನೋಡು, ಇಲ್ಲೈತಿ ನಿನ್ನ ಗಾಡಿ ದಮ್ಮು! ಗಾಳಿ ಕಡಿಮಿ ಅಲ್ಲ, ಏನೂ ಅಲ್ಲ. ಇದನ್ನ ತೊಳದು, ನಳದ ನೀರು ಸೋಸಿ ಹಾಕಿದ್ರ ಗಾಡಿ ಬೆಟ್ಟ ಏರತೈತಿ. ಒಯ್ದು ಒಗಿ ಆ ಜರ್ಮನ್ ಗುಂಡು!"

ಅವನು ಕುಕ್ಕರುಗಾಲಲ್ಲಿ ಕೂತು ಕೆಸರನ್ನು ಬೆರಳಿನಿಂದ ಮುಟ್ಟಿದ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಸಣ್ಣದಾಯಿತು.

"ಹಂಗಾರ ಹೋದ ವರ್ಷ ಅಕ್ಕಗ ದರ್ಶನ ತಪ್ಪಿದ್ದು..." ಎಂದು ನಿಲ್ಲಿಸಿದ.

"ಹ್ಞೂಂ. ಇದರಿಂದನ."

"ಆಕಿ ಕೈಯಿಂದನ."

ಅಷ್ಟು ದೂರ ನಾನು ಯೋಚಿಸಿರಲಿಲ್ಲ.

"ಕುಮಾರಯ್ಯಾ, ನಿನ್ನ ಕಾಲು ಹಿಡೀತೀನಿ, ಅಕ್ಕಗ ಹೇಳಬ್ಯಾಡ" ಎಂದ. "ಆಕಿ ಆ ಚೊಂಬು ಹಾಕಿದ್ದು ಗಾಡಿಗೆ ಅಲ್ಲೋ, ನನ್ನ ಆಯುಷ್ಯಕ್ಕ. ತನ್ನ ದಾರಿ ತಾನ ಮುಚ್ಚಿಕೊಂಡೆ ಅಂತ ಆಕಿಗೆ ತಿಳೀತಂದ್ರ, ಬೈಯ್ಯೂದಿಲ್ಲ, ಅಳೂದಿಲ್ಲ, ಮತ್ತ ಪಶುಪತಿ ಹೆಸರ ಎತ್ತೂದಿಲ್ಲ. ನನಗೆ ಆಕಿ ಗೊತ್ತು."

"ಮತ್ತ ಸೋಮವಾರ ಬರ್ತೈತಲ್ಲ? ಚೊಂಬು ತಂದು ನಿಂತ್ರ ಏನಂತೀ?"

ಅವನು ಯೋಚಿಸಿದ. ಮೂಲೆಯಲ್ಲಿದ್ದ ಟರ್ಬೋ ನೋಡಿದ. ಆಮೇಲೆ ಹೇಳಿದ ಮಾತಿಗೆ ಅವನನ್ನು ಅಲ್ಲೇ ರೇಡಿಯೇಟರಿನಿಂದ ಹೊಡೆಯಬೇಕೆನಿಸಿತು.

"ಅದನ್ನ ಹಾಕು. ಪೈಪು ಗೀಪು ಬ್ಯಾಡ. ಸುಮ್ಮ ಬೋಲ್ಟ್ ಹಾಕಿ ಕುಂಡ್ರಸು. ಕಂಪನಿಯವ್ರ ಕಟ್ಟಳಿ ಐತಿ, ಈ ಯಂತ್ರ ಇದ್ದ ಗಾಡಿಗೆ ಸೋಸಿದ ನಳದ ನೀರ ಹಾಕಬೇಕು ಅಂತ ಅಕ್ಕಗ ಹೇಳ್ತೀನಿ."

"ಸತ್ತ ಯಂತ್ರ ಹೊತಗೊಂಡು ಬೆಟ್ಟ ಹತ್ತತೀಯೇನೋ, ಮಳ್ಳ?"

"ಹತ್ತತೀನಿ."

ಬೈದೆ. ಒಂದು ತಾಸು ಬೈದೆ. ಪಕ್ಕದ ಪಾನ್ ಅಂಗಡಿಯವನಿಗೆ ಕನ್ನಡ ಬರುವುದಿಲ್ಲ, ಅವನೂ ಎದ್ದು ಬಂದು ನಿಂತು ಕೇಳಿದ. ಸೋಮಲಿಂಗಯ್ಯ ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡ. ನಡುವೆ ಎದ್ದು, ಆ ಕೆಸರನ್ನು ಚರಂಡಿಗೆ ಹಾಕಲು ಬಿಡದೆ, ಒಂದು ಡಬ್ಬಿಯಲ್ಲಿ ತುಂಬಿಕೊಂಡು ನದಿಗೆ ಬಿಡಲು ಹೋದ. ಅವನು ಹಿಂತಿರುಗುವವರೆಗೆ ನನ್ನ ಬೈಗಳಿಗೆ ಯಜಮಾನನೇ ಇಲ್ಲದಂತಾಯಿತು.

ಮೂರು ದಿನ ಹಿಡಿಯಿತು ಆ ರೇಡಿಯೇಟರಿನ ಕೊಳವೆಗಳಿಗೆ ತಂತಿ ಹಾಕಿ ಬಿಡಿಸಲು. ಇಂಜಿನ್ನಿಗೆ ಹಿಮ್ಮುಖವಾಗಿ ನೀರು ಬಿಟ್ಟು ಬಿಟ್ಟು ತೊಳೆದೆ. ಚುನಾರದ ದಿನ್ನೆ ಹತ್ತಿಸಿದೆವು. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಆಮೇಲೆ, ನಲವತ್ತೇಳು ವರ್ಷದ ನಾನು, ಮಿಲಿಟರಿಯಲ್ಲಿ ಕೆಲಸ ಮಾಡಿ ಬಂದ ನಾನು, ಒಂದು ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಏನೂ ಮಾಡದ ಆ ಗುಂಡನ್ನು ಬ್ಯಾಟರಿಯ ಪಕ್ಕ ಗಟ್ಟಿಯಾಗಿ ಕೂರಿಸಿದೆ. ಉಜ್ಜಿ ಹೊಳಪನ್ನೂ ಕೊಟ್ಟೆ. ಎಷ್ಟೋ ಗಾಡಿಗೆ ಎಷ್ಟೋ ಕೆಲಸ ಮಾಡಿದ್ದೇನೆ. ಅಷ್ಟು ನಾಚಿಕೆಯ ಕೆಲಸ ಮತ್ತೊಂದಿಲ್ಲ.

ಅಕ್ಕ ನೋಡಲು ಬಂದರು. ಬಾನೆಟ್ ಎತ್ತಿ ತೋರಿಸಿದೆವು. ಸೋಮಲಿಂಗಯ್ಯ ಕಟ್ಟಳೆ ಹೇಳಿದ.

"ಗಂಗಿ ಬ್ಯಾಡಂತೇನು ಇದಕ್ಕ?" ಎಂದರು ಅಕ್ಕ, ನನ್ನ ಕಡೆ ತಿರುಗಿ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. "ಜರ್ಮನ್ ಯಂತ್ರರೀ ಅಕ್ಕಾರ. ಅದಕ್ಕ ಗಂಗಿ ಮಹಿಮಾ ಗೊತ್ತಿಲ್ಲ" ಎಂದೆ.

"ಹೋಗಲಿ ಬಿಡು. ಪಾಪ, ಪರದೇಶದ್ದು" ಎಂದು ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು.

ಶಿವರಾತ್ರಿಗೆ ನಾಲ್ಕು ದಿನ ಮೊದಲು ಹೊರಟರು. ಹನ್ನೆರಡನೇ ದಿನ ಮಧ್ಯಾಹ್ನ ಜಂಗಮವಾಡಿಯ ರಸ್ತೆಯ ಬಾಯಲ್ಲಿ ಫಿಯೆಟ್ಟಿನ ಹಾರ್ನ್ ಕೇಳಿತು. ಮೈತುಂಬ ಧೂಳು, ಒಂದು ದೀಪ ಒಡೆದಿತ್ತು. ಅಕ್ಕ ತಾವೇ ಬಾಗಿಲು ತೆಗೆದು ಇಳಿದರು. ಮುಖ ನೋಡಿದರೆ ಕೇಳಬೇಕಾದ್ದೇನೂ ಇರಲಿಲ್ಲ. ಕೇಳದೆಯೇ ಹೇಳಿದರು. ಬೆಳಗಿನ ಜಾವ ಸಾಲಿನಲ್ಲಿ ನಿಂತದ್ದು, ಮಂಜಿಗೆ ಕಾಲು ಸೆಟೆದದ್ದು, ನಾಲ್ಕು ಮುಖದ ಲಿಂಗ ಕಂಡದ್ದು. ಘಟ್ಟದ ತುದಿಯಲ್ಲಿ, ಮೋಡದ ಮೇಲೆ, ಕಾರು ನಿಲ್ಲಿಸಿ ಒಂದು ತಾಸು ಪೂಜೆ ಮಾಡಿದ್ದು. "ಒಂದು ಸಲ ಕುದೀಲಿಲ್ಲ ನೋಡು. ಆ ಯಂತ್ರ ಅಂದ್ರ ಯಂತ್ರ!"

ಸೋಮಲಿಂಗಯ್ಯ ಹಿಂದೆ ನಿಂತು ಗಂಟು ಇಳಿಸುತ್ತಿದ್ದ. ನನ್ನನ್ನು ನೋಡಿ ಒಮ್ಮೆ ತಲೆಯಾಡಿಸಿದ. ಒಂದು ವರ್ಷದಲ್ಲಿ ಮೊದಲ ಸಲ ಅವನ ಭುಜ ಸಡಿಲವಾದದ್ದನ್ನು ಕಂಡೆ. ಹಾಳಾಗಿ ಹೋಗಲಿ, ಆ ಗುಂಡು ಅಲ್ಲೇ ಇರಲಿ ಎಂದುಕೊಂಡೆ.

ಅಷ್ಟರಲ್ಲಿ ಸೈಕಲ್ಲಿನ ಮೇಲೆ ಗುರುಸಿದ್ದಪ್ಪ. ಊರಿನಿಂದ ಬಂದು ಕೆಲಸಕ್ಕೆ ಹಾಜರಾಗಿದ್ದವನು, ಸುದ್ದಿ ಕೇಳಿ ಓಡಿ ಬಂದಿದ್ದ. ಅಕ್ಕ ಅವನ ಕೈಗೆ ಪ್ರಸಾದ ಕೊಟ್ಟು, ನಿನ್ನಿಂದ ನನಗೆ ದರ್ಶನವಾಯಿತು ಎಂದರು. ಗಲ್ಲಿಯ ಹತ್ತಾರು ಜನ ಕೂಡಿದ್ದರು. ಅವನ ಎದೆ ಉಬ್ಬಿತು. ನಾನು ತಡೆಯುವ ಮೊದಲೇ ಬಾನೆಟ್ ಎತ್ತಿದ.

ನೋಡಿದ. ಬಗ್ಗಿ ನೋಡಿದ. ಹೊಗೆಯ ಪೈಪಿಲ್ಲ, ಎಣ್ಣೆಯ ಪೈಪಿಲ್ಲ, ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೂತ ಗುಂಡು. ಅವನ ಕಿವಿ ಕೆಂಪಾದವು. ನನ್ನನ್ನು ನೋಡಿದ. ನಾನು ಹಲ್ಲು ಕಚ್ಚಿದೆ. ಸೋಮಲಿಂಗಯ್ಯನನ್ನು ನೋಡಿದ. ಅಕ್ಕನ ಬೆನ್ನ ಹಿಂದೆ ಅವನು ಎರಡೂ ಕೈ ಜೋಡಿಸಿದ್ದ.

"ಏನಪಾ, ಸರಿ ಕುಂತೈತೋ ಇಲ್ಲೋ?" ಎಂದರು ಅಕ್ಕ.

ಗುರುಸಿದ್ದಪ್ಪ ಗುಂಡನ್ನು ಕೈಯಿಂದ ಒಮ್ಮೆ ದೂಡಿ ನೋಡಿದ. "ಕುಂತೈತ್ರಿ ಅಕ್ಕಾರ. ಒಂದೀಟೂ ಅಲ್ಲಾಡಿಲ್ಲ."

ಆ ಒಂದು ಮಾತಿಗೆ ಅವನ ಮೇಲಿದ್ದ ನನ್ನ ಸಿಟ್ಟಿನಲ್ಲಿ ಅರ್ಧ ಇಳಿಯಿತು. ಅರ್ಧ ಇಳಿದದ್ದು ಎಷ್ಟು ಹೊತ್ತು? ಅಕ್ಕ ತೃಪ್ತಿಯಿಂದ ತಲೆಯಾಡಿಸಿ, ಕೂಡಿದ ಜನಕ್ಕೆಲ್ಲ ಕೇಳುವ ಹಾಗೆ ಹೇಳಿದರು: "ಹಂಗಾರ ಬರೂ ವರ್ಷ ಕೇದಾರ. ಅದು ಇನ್ನೂ ಎತ್ತರ ಐತಂತ. ಯಂತ್ರ ಇದ್ದ ಮ್ಯಾಲ ಏನು?"

ಸೋಮಲಿಂಗಯ್ಯ ನನ್ನ ಕಡೆ ನೋಡಲಿಲ್ಲ. "ಆತಕ್ಕ" ಎಂದ.

ನಾನು ಬಾನೆಟ್ ಮುಚ್ಚಿದೆ. ಸ್ವಲ್ಪ ಜೋರಾಗಿಯೇ ಮುಚ್ಚಿದೆ.